ಹೆಬ್ಬೆಟ್ಟು ಕನ್ನಡಿಗನದು, ಅರ್ಜಿ ಇಂಗ್ಲಿಷಿನದು!

ಮೊನ್ನೆ ನಮ್ಮ ಪ್ರೆಸ್ಸಿಗೆ ರೈತರೊಬ್ಬರು ಬಂದಿದ್ದರು. ಕೈಯಲ್ಲಿ ಇಂಗ್ಲಿಷ್ ಅರ್ಜಿ. 'ಇದರಲ್ಲಿ ಏನೈತಿ, ಓದಿ ಹೇಳ್ರಿ' ಅಂದರು. ಅದಾಗಲೇ ಹೆಬ್ಬೆಟ್ಟು ಒತ್ತಿಯಾಗಿತ್ತು!

ಅವರ ಬುದ್ಧಿಮಾಂದ್ಯ ಮಗನಿಗೆ 18 ತುಂಬಿದೆ. ಅಲ್ಲಿಗೆ ಹೆತ್ತಪ್ಪನೂ ಕಾನೂನಿನ ಕಣ್ಣಿಗೆ ಪೋಷಕನಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿ ಅವರನ್ನು ಪೋಷಕರೆಂದು ನೇಮಿಸಬೇಕು. ನೇಮಕವಾದ ಆರು ತಿಂಗಳೊಳಗೆ ಮಗನ ಆಸ್ತಿ, ಸಾಲದ ಪಟ್ಟಿ ಕೊಡಬೇಕು. ಪ್ರತಿವರ್ಷ ಮಾರ್ಚ್ ಮುಗಿದ ಮೂರು ತಿಂಗಳಲ್ಲಿ ಜಮಾಖರ್ಚು ಒಪ್ಪಿಸಬೇಕು. ಇದನ್ನೆಲ್ಲ ಆ ರೈತರಿಗೆ ಯಾರೂ ಹೇಳಿರಲಿಲ್ಲ.

ಅಪ್ಪನಿದ್ದಾಗ ಈ ಲೆಕ್ಕ ತಲೆನೋವೇ ಸರಿ. ಆದರೆ ಅಪ್ಪ ತೀರಿಕೊಂಡು ದಾಯಾದಿ ಪೋಷಕನಾದ ದಿನ ಆ ಹುಡುಗನ ಹೊಲ ಉಳಿಸುವುದು ಇದೇ ಲೆಕ್ಕ! ಪೋಷಕ ಆಸ್ತಿ ನುಂಗಿದರೆ ಅವನನ್ನು ತೆಗೆಯಿರಿ ಎಂದು ಬಂಧುಗಳು ಸಮಿತಿಗೆ ದೂರು ಕೊಡಬಹುದು. ಇಂಗ್ಲಿಷ್ ಬಾರದ ಅತ್ತೆ, ಸೋದರಮಾವ ಇದನ್ನು ತಿಳಿಯುವುದೆಲ್ಲಿ?

ಕನ್ನಡ ಆಡಳಿತ ಭಾಷೆಯೆಂದು 1963ರಲ್ಲೇ ಕಾಯ್ದೆ ಮಾಡಿದ್ದು ಯಾರಿಗಾಗಿ ಸ್ವಾಮಿ? ಬೋರ್ಡಿಗೆ ಬಣ್ಣ ಬಳಿಯುವುದಕ್ಕೋ?

ಜಿಲ್ಲಾಧಿಕಾರಿಗಳೇ, ಅರ್ಜಿ, ಲೆಕ್ಕದ ನಮೂನೆ ಎರಡನ್ನೂ ಕನ್ನಡದಲ್ಲಿ ಬರೆಸಿ ಕೊಡಿ. ಮೊದಲ ಸಾವಿರ ಪ್ರತಿ ನನ್ನ ಕಾಗದ, ನನ್ನ ಮಸಿ. ಬಿಲ್ ಕಳಿಸುವುದಿಲ್ಲ.