ಕ್ರೆಡಿಟ್ ಅಂದರೆ ನಂಬಿಕೆ

ಪ್ರಥಮ ಪಿಯುಸಿಯ ಮೊದಲ ಕಿರುಪರೀಕ್ಷೆಯಲ್ಲಿ ನಾನು ಡೆಟರ್ ಮತ್ತು ಕ್ರೆಡಿಟರ್ ಎರಡನ್ನೂ ಅದಲುಬದಲು ಬರೆದೆ. 25ಕ್ಕೆ 7 ಅಂಕ ಬಂದವು. ವ್ಯಾಖ್ಯೆ ಬಾಯಿಪಾಠವಿತ್ತು, ಅರ್ಥ ಗೊತ್ತಿರಲಿಲ್ಲ. ಹತ್ತನೆಯ ತರಗತಿಯವರೆಗೆ ಉರ್ದು ಅಥವಾ ಕನ್ನಡ ಮಾಧ್ಯಮದಲ್ಲಿ ಓದಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ಬಸ್ಸಿನಲ್ಲಿ ಬರುವ ನಮ್ಮಲ್ಲಿ ಅನೇಕರ ಕಥೆ ಇದೇ. ‘ಕಾಮರ್ಸ್ ನನ್ನ ಕೈಲಾಗದು’ ಎಂದು ಕೆಲವರು ಕೈಚೆಲ್ಲುತ್ತಾರೆ. ನಮಗೆ ಕಷ್ಟವಾಗಿರುವುದು ಕಾಮರ್ಸ್ ಅಲ್ಲ, ಅದರ ಇಂಗ್ಲಿಷ್ ಶಬ್ದಗಳು ಎಂಬುದು ನನ್ನ ಅಭಿಪ್ರಾಯ. ಅವುಗಳನ್ನು ಒಂದೊಂದಾಗಿ ಉರುಹೊಡೆಯುವ ಬದಲು ಕುಟುಂಬ ಕುಟುಂಬವಾಗಿ ಕಲಿಯಬೇಕು.

ಸಿ, ಆರ್, ಇ, ಡಿ ಎಂಬ ನಾಲ್ಕು ಅಕ್ಷರ ನೋಡಿ. ಲ್ಯಾಟಿನ್ ಭಾಷೆಯ ‘ಕ್ರೆಡೆರೆ’ ಅಂದರೆ ನಂಬು. ಕ್ರೆಡಿಟ್, ಕ್ರೆಡಿಟರ್, ಕ್ರೆಡಿಬಲ್, ಇನ್‌ಕ್ರೆಡಿಬಲ್ ಎಲ್ಲವೂ ಅದರ ಮಕ್ಕಳು. ಇನ್‌ಕ್ರೆಡಿಬಲ್ ಎಂದರೆ ನಂಬಲಾಗದ್ದು. ಕ್ರೆಡಿಟರ್ ಎಂದರೆ ನಮ್ಮನ್ನು ನಂಬಿ ಸಾಲ ಕೊಟ್ಟವನು. ಇನ್ನು ಡಿ, ಇ, ಬಿ. ‘ಡೆಬೆರೆ’ ಎಂದರೆ ಕೊಡಬೇಕಾಗಿರು. ಡೆಬಿಟ್, ಡೆಟ್, ಡೆಟರ್, ಡಿಬೆಂಚರ್ ಈ ಮನೆತನದವು. ಡೆಟ್ ಶಬ್ದದಲ್ಲಿ ಬಿ ಅಕ್ಷರವನ್ನು ಯಾರೂ ಉಚ್ಚರಿಸುವುದಿಲ್ಲ; ಆದರೆ ಅದೇ ಈ ಮನೆತನದ ಗುರುತು.

ಇದು ತಿಳಿದ ಮೇಲೆ ಅಬ್ಬಾರ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ತೆಗೆದು ನೋಡಿದೆ. ಅದರಲ್ಲಿ ಹೆಸರಿರುವವರೆಲ್ಲ ನಮ್ಮ ಡೆಟರ್‌ಗಳು. ಗದಗಿನಿಂದ ಉದ್ರಿ ಮಾಲು ಕೊಡುವ ಹೋಲ್‌ಸೇಲ್ ವ್ಯಾಪಾರಿ ನಮ್ಮ ಕ್ರೆಡಿಟರ್. ಅಂದಿನಿಂದ ಎರಡೂ ಒಮ್ಮೆಯೂ ಅದಲುಬದಲಾಗಿಲ್ಲ.

ನಮ್ಮ ಭಾಷೆಗಳಲ್ಲಿಯೂ ಇಂಥ ಕುಟುಂಬಗಳಿವೆ. ಫಾರ್ಸಿಯಿಂದ ಬಂದ ‘ದಾರ್’ ಎಂದರೆ ಹೊಂದಿದವನು. ಮನೆಯಲ್ಲಿ ನಾವು ದುಕಾನ್‌ದಾರ್ ಅನ್ನುತ್ತೇವೆ. ಕನ್ನಡ ಪುಸ್ತಕದಲ್ಲಿ ಪಾಲುದಾರ, ಷೇರುದಾರ ಎಂದಿದೆ. ಪಾಲು ಕನ್ನಡ, ಷೇರು ಇಂಗ್ಲಿಷ್, ಬಾಲ ಮಾತ್ರ ಫಾರ್ಸಿ! ನಗದು, ಬಾಕಿ, ಜಮಾ, ಖರ್ಚು, ರಸೀದಿ ನಮ್ಮ ಉರ್ದುವಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಹಾಗಿರುವಾಗ ಅಕೌಂಟೆನ್ಸಿ ನಮಗೆ ಪರಕೀಯ ಹೇಗಾದೀತು?

ಒಂದು ಎಚ್ಚರಿಕೆ ಬೇಕು. ಅಕ್ಷರ ಒಂದೇ ಇದ್ದ ಮಾತ್ರಕ್ಕೆ ಸಂಬಂಧ ಇರುವುದಿಲ್ಲ. ಡಿಬೇಟ್‌ಗೂ ಸಾಲಕ್ಕೂ ನಂಟಿಲ್ಲ. ಪವಿತ್ರ ಎಂಬ ಅರ್ಥದ ಸೇಕ್ರೆಡ್‌ನಲ್ಲಿ ಆ ನಾಲ್ಕೂ ಅಕ್ಷರಗಳಿದ್ದರೂ ಅದು ಬೇರೆ ಮನೆತನ. ಮಂದಾರ ಹೂವಿನಲ್ಲಿಯೂ ‘ದಾರ’ ಇದೆ, ಆದರೆ ಅದು ಏನನ್ನೂ ಹೊಂದಿದವನಲ್ಲ. ಆದ್ದರಿಂದ ಊಹಿಸಿ ಬಿಡಬಾರದು, ನಿಘಂಟು ತೆರೆದು ನೋಡಬೇಕು.

ಪರೀಕ್ಷೆಯಲ್ಲಿ ಮೂಲ ಧಾತು ಕೇಳುವುದಿಲ್ಲ, ಇದಕ್ಕೆ ಸಮಯ ಎಲ್ಲಿದೆ ಎಂದು ಗೆಳೆಯರು ಕೇಳುತ್ತಾರೆ. ನಿಜ, ಕೇಳುವುದಿಲ್ಲ. ಆದರೆ ಒಂದು ಮೂಲ ಕಲಿತರೆ ನಾಲ್ಕೈದು ಶಬ್ದ ಪುಕ್ಕಟೆ ಸಿಗುತ್ತವೆ. ವ್ಯಾಪಾರ ಕಲಿಯುವ ನಮಗೆ ಈ ಲಾಭದ ಲೆಕ್ಕ ಬೇರೆಯವರು ಹೇಳಬೇಕೆ?

ನಮ್ಮದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರು ಸಹಕಾರಿ ಸಂಘ ಕಟ್ಟಿದರು. ಅಂಥ ಕ್ರೆಡಿಟ್ ಸೊಸೈಟಿಗೆ ಕನ್ನಡದಲ್ಲಿ ‘ಪತ್ತಿನ ಸಂಘ’ ಎನ್ನುತ್ತಾರೆ. ಪತ್ತು ಅಂದರೂ ನಂಬಿಕೆಯೇ, ಉರ್ದುವಿನಲ್ಲಿ ಎತಬಾರ್. ಮೂರು ಭಾಷೆಗಳು ಒಂದೇ ಮಾತು ಹೇಳುತ್ತಿವೆ.

ನನ್ನ ಸಲಹೆ ಸಣ್ಣದು. ಗ್ರಂಥಾಲಯದ ಸೂಚನಾ ಫಲಕದಲ್ಲಿ ವಾರಕ್ಕೊಂದು ಇಂಗ್ಲಿಷ್ ಶಬ್ದಕುಟುಂಬವನ್ನು ಕನ್ನಡ ಮತ್ತು ಉರ್ದು ಅರ್ಥದೊಂದಿಗೆ ಬರೆಯೋಣ. ಬರೆಯುವ ಸರದಿ ವಿದ್ಯಾರ್ಥಿಗಳದು, ತಿದ್ದುವ ಕೆಲಸ ಉಪನ್ಯಾಸಕರದು. ಮೊದಲ ವಾರ ನಾನು ಬರೆಯುತ್ತೇನೆ. ಏಳು ಅಂಕ ಬಂದಿದ್ದ ನನ್ನ ಮೇಲೆ ಅಷ್ಟು ಕ್ರೆಡಿಟ್ ಇಡಿ.