ಖರಾಬು ಎನಿಸದ ನೆಲ: ಚಿಂಚೋಳಿಯ ಗುಡ್ಡಗಳನ್ನು ಕುರಿತು

ಕಲಬುರ್ಗಿಯ ಕಡೆ ಬೆಟ್ಟವೆಲ್ಲಿ, ಕಾಡೆಲ್ಲಿ ಎಂದು ಕೇಳುವವರುಂಟು. ಹಾಗೆ ಕೇಳುವವರು ಮಲೆನಾಡಿನವರೇ ಆಗಬೇಕೆಂದಿಲ್ಲ. ಸ್ಟೇಶನ್ ಬಜಾರದ ಬಿಸಿಲಿನಲ್ಲಿ ಹುಟ್ಟಿ ಬೆಳೆದ ನಮ್ಮ ವಿದ್ಯಾರ್ಥಿಗಳೇ ಹಾಗೆ ಕೇಳುತ್ತಾರೆ. ಕಾಲೇಜಿನ ಪ್ರವಾಸವೆಂದರೆ ಜೋಗ, ಆಗುಂಬೆ, ಕೊಡಗು. ಪಠ್ಯಪುಸ್ತಕದಲ್ಲಿ ‘ಅರಣ್ಯ’ ಎಂಬ ಪಾಠಕ್ಕೆ ಹಾಕುವ ಚಿತ್ರವೂ ಅಲ್ಲಿಯದೇ. ಹೀಗಿರಲು, ತಮ್ಮ ಊರಿನಿಂದ ಪೂರ್ವಕ್ಕೆ ಸುಮಾರು 85 ಕಿಲೋಮೀಟರ್ ದಾರಿ ನಡೆದರೆ ಕೆಂಪು ಮಣ್ಣಿನ ಗುಡ್ಡಗಳ ಮೇಲೆ ಸಾಗವಾನಿ, ಗಂಧ, ಮುತ್ತುಗಗಳ ಕಾಡು ನಿಂತಿದೆಯೆಂಬ ಸಂಗತಿ ಅವರಿಗೆ ಹೊಸದಾಗಿ ತೋರಿದರೆ ಅದು ಅವರ ತಪ್ಪೆಂದು ನಾವು ಹೇಳಲಾರೆವು.

ಈ ಕಾಡು ಚಿಂಚೋಳಿ ವನ್ಯಜೀವಿ ಧಾಮ. 2011ರ ನವೆಂಬರ್ 28ರಂದು ಇದಕ್ಕೆ ಧಾಮದ ಪದವಿ ದೊರೆಯಿತು. ವಿಸ್ತಾರ 134.88 ಚದರ ಕಿಲೋಮೀಟರ್. ಜಿಲ್ಲೆಯ ಒಟ್ಟು ವಿಸ್ತಾರ ಸುಮಾರು 11 ಸಾವಿರ ಚದರ ಕಿಲೋಮೀಟರ್ ಎಂಬುದನ್ನು ನೆನೆದರೆ, ಧಾಮಕ್ಕೆ ಬಂದ ಪಾಲು ನೂರಕ್ಕೆ ಒಂದೂ ಕಾಲು ಮಾತ್ರ. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿ ಧಾಮವೆಂದು ಇದನ್ನು ಹೊಗಳುವುದುಂಟು. ಮೊದಲಿನದೋ ಎರಡನೆಯದೋ ಎಂಬ ಲೆಕ್ಕ ನಮಗೆ ಅಷ್ಟು ಮುಖ್ಯವಲ್ಲ. ‘ಒಣಭೂಮಿ’ ಎಂಬ ಮಾತು ಮುಖ್ಯ. ಒಣಗಿದ ನೆಲವನ್ನೂ ಕಾಪಾಡಬೇಕೆಂದು ಸರ್ಕಾರ ಬರೆದು ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ. ಆದರೆ ಕಾಗದದ ಮೇಲೆ ಒಪ್ಪಿದ್ದನ್ನು ಜನರ ಮನಸ್ಸು ಇನ್ನೂ ಒಪ್ಪಿದಂತಿಲ್ಲ.

ಮೊದಲು ಈ ಗುಡ್ಡಗಳು ಹುಟ್ಟಿದ ಬಗೆಯನ್ನು ನೋಡೋಣ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಪಶ್ಚಿಮ ಭಾರತದ ನೆಲ ಬಿರಿದು ಶಿಲಾರಸವು ಹೊರಚೆಲ್ಲಿತು. ಶಂಖಾಕಾರದ ಜ್ವಾಲಾಮುಖಿಯಿಂದ ಸಿಡಿದಂತಲ್ಲ. ಉದ್ದನೆಯ ಬಿರುಕುಗಳಿಂದ ಉಕ್ಕಿ, ನೆರೆಯ ನೀರಿನಂತೆ ಹರಡಿ, ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಈ ಕರಿಕಲ್ಲು ಹೊದೆದಿದೆ. ಸಹ್ಯಾದ್ರಿಯ ಕಡೆ ಇದರ ದಪ್ಪ ಎರಡು ಕಿಲೋಮೀಟರಿಗೂ ಹೆಚ್ಚು. ಪೂರ್ವಕ್ಕೆ ಬಂದಂತೆ ತೆಳುವಾಗುತ್ತ, ನಮ್ಮ ಜಿಲ್ಲೆಯಲ್ಲಿ ಹೊದಿಕೆಯ ಅಂಚು ಮುಗಿಯುತ್ತದೆ. ಅಂಚಿನ ಆಚೆ ಕಾಣುವುದೇ ಸೇಡಂ, ಷಹಾಬಾದಗಳ ಸುಣ್ಣಕಲ್ಲು, ಎಂದರೆ ನಮ್ಮ ಮನೆಗಳ ನೆಲಕ್ಕೆ ಹಾಸಿದ ಫರಸಿ. ಅದು ಕರಿಕಲ್ಲಿಗಿಂತ ಹಲವು ಪಟ್ಟು ಹಳೆಯದು. ಒಂದು ಪ್ರವಾಹ ಆರಿ ಮುಂದಿನದು ಬರುವ ನಡುವೆ ಸಾವಿರಾರು ವರ್ಷ ಬಿಡುವಿರುತ್ತಿತ್ತು. ಆ ಬಿಡುವಿನಲ್ಲಿ ಕೆರೆಗಳು ತುಂಬಿದವು, ಜೀವಿಗಳು ಬಾಳಿದವು. ಗುರುಮಠಕಲ್ ಸುತ್ತಿನ ಅಂತಹ ಪದರಗಳಲ್ಲಿ ಸಿಹಿನೀರಿನ ಸಣ್ಣ ಜೀವಿಗಳ ಪಳೆಯುಳಿಕೆಗಳು ದೊರೆತಿವೆ.

ಕರಿಕಲ್ಲು ಒಡೆದು ಕರಗಿದ ಕಡೆ ಎರೆಭೂಮಿಯಾಯಿತು. ಅಲ್ಲಿ ನಮ್ಮ ತೊಗರಿ ಬೆಳೆಯುತ್ತದೆ. ಆದರೆ ಎತ್ತರದ ತಟ್ಟುಗಳ ಮೇಲೆ ಬೇರೊಂದು ಕೆಲಸ ನಡೆಯಿತು. ಬಿಸಿಲು ಮಳೆಗಳು ಒಂದಾದ ಮೇಲೊಂದು ಬರುವ ಹವೆಯಲ್ಲಿ ನೀರು ಕಲ್ಲಿನೊಳಗಿನ ಸಿಲಿಕ, ಸುಣ್ಣ, ಸೋಡಗಳನ್ನು ಮೆಲ್ಲಮೆಲ್ಲನೆ ತೊಳೆದೊಯ್ದು, ಕರಗಲಾರದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳನ್ನು ಹಿಂದೆ ಬಿಟ್ಟಿತು. ಹೀಗೆ ಉಳಿದದ್ದೇ ಜಂಬಿಟ್ಟಿಗೆ ಕಲ್ಲು. ತುಕ್ಕು ಹಿಡಿದ ಕಬ್ಬಿಣದ ಬಣ್ಣ ಅದಕ್ಕೆ. ನಿಜವಾಗಿ ನೋಡಿದರೆ ಅದು ತುಕ್ಕೇ. ನೆಲದೊಳಗಿರುವಾಗ ಮೆದುವಾಗಿದ್ದು, ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುವುದು ಅದರ ಗುಣ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮಲಬಾರಿನಲ್ಲಿ ಜನರು ಇದನ್ನು ಇಟ್ಟಿಗೆಯಂತೆ ಕತ್ತರಿಸುವುದನ್ನು ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂಬ ಹೆಸರನ್ನಿಟ್ಟನು. ನಮ್ಮ ಭಾಷೆಯ ಹೆಸರಿನಲ್ಲಿಯೂ ಇಟ್ಟಿಗೆ ಇದೆಯೆಂಬುದನ್ನು ಗಮನಿಸಿ! ಬೀದರಿನ ಕೋಟೆಯ ಕಂದಕಗಳನ್ನು ಕೊರೆದದ್ದು ಈ ಕಲ್ಲಿನಲ್ಲಿಯೇ.

ಈ ಕಲ್ಲಿನ ಮಹತ್ವ ಕಟ್ಟಡಕ್ಕಿಂತ ನೀರಿನಲ್ಲಿ ಹೆಚ್ಚು. ಜಂಬಿಟ್ಟಿಗೆಯಲ್ಲಿ ಜೇನುಹುಟ್ಟಿನಂತೆ ರಂಧ್ರಗಳು. ಬಿದ್ದ ಮಳೆ ಹರಿದುಹೋಗದೆ ಒಳಗಿಳಿಯುತ್ತದೆ. ಇಳಿದು ಇಳಿದು ಕೆಳಗಿನ ಜೇಡಿಯನ್ನೋ ಬಿರುಕಿಲ್ಲದ ಕರಿಕಲ್ಲನ್ನೋ ಮುಟ್ಟಿದಾಗ ಮುಂದೆ ದಾರಿಯಿಲ್ಲದೆ ಅಡ್ಡಡ್ಡಲಾಗಿ ಸರಿಯುತ್ತದೆ. ಗುಡ್ಡದ ಮಗ್ಗುಲಲ್ಲಿ ಆ ಎರಡು ಕಲ್ಲುಗಳ ಸಂಧಿ ಹೊರಬಿದ್ದಲ್ಲಿ ಒರತೆಯಾಗಿ ಜಿನುಗುತ್ತದೆ. 15ನೆಯ ಶತಮಾನದಲ್ಲಿ ಬಹಮನಿ ಅರಸರ ರಾಜಧಾನಿ ಕಲಬುರ್ಗಿಯಿಂದ ಬೀದರಿಗೆ ಸರಿದ ಮೇಲೆ, ಪಾರಸೀಕ ದೇಶದ ಪದ್ಧತಿಯಂತೆ ನೆಲದಡಿಯಲ್ಲಿ ಸುರಂಗ ತೋಡಿ ನೀರನ್ನು ಊರಿಗೆ ತಂದರಷ್ಟೆ; ಆ ಸುರಂಗ ಬಾವಿಗಳಿಗೆ ನೀರು ಕೊಟ್ಟದ್ದು ಈ ಸಂಧಿಯೇ. ಮನುಷ್ಯನು ಬೀದರಿನಲ್ಲಿ ಉಳಿಯಿಂದ ಮಾಡಿದ ಕೆಲಸವನ್ನು ಚಿಂಚೋಳಿಯ ಗುಡ್ಡಗಳು ತಾವಾಗಿಯೇ ಮಾಡುತ್ತವೆ. ಎತ್ತಿಪೋತೆಯ ಜಲಪಾತ, ಕುಂಚಾವರಂ ಕಾಡಿನ ಹಳ್ಳಗಳು, 1970ರ ದಶಕದಲ್ಲಿ ಕಟ್ಟಿದ ಚಂದ್ರಂಪಳ್ಳಿ ಜಲಾಶಯ ಎಲ್ಲವೂ ಈ ಕೆಂಪು ತಲೆಯ ಗುಡ್ಡಗಳ ಕೊಡುಗೆ. ಇಲ್ಲಿಯ ನೀರು ಕಾಗಿಣಾ ನದಿಯನ್ನು ಸೇರುತ್ತದೆ. ಕಾಗಿಣೆಯ ದಂಡೆಯಲ್ಲಿ ಮಳಖೇಡವಿದೆ. ಅಮೋಘವರ್ಷ ನೃಪತುಂಗನ ಮಾನ್ಯಖೇಟದ ಕೋಟೆಗೋಡೆಯನ್ನು ನೋಡಲು ಹೋಗುವ ವಿದ್ಯಾರ್ಥಿಯು ಆ ನದಿಯ ನೀರಿನಲ್ಲಿ ಒಂದು ಪಾಲು ಎಲ್ಲಿಂದ ಬಂತೆಂದು ಗುರುಗಳನ್ನು ಕೇಳಿದ್ದನ್ನು ನಾವು ಕಂಡಿಲ್ಲ. ಇತಿಹಾಸದ ಪಾಠ ಬೇರೆ, ಭೂಗೋಳದ ಪಾಠ ಬೇರೆ ಎಂದು ನಾವೇ ಗೆರೆ ಎಳೆದು ಕೊಟ್ಟಿದ್ದೇವೆ.

ಇದೇ ಜಂಬಿಟ್ಟಿಗೆ ಸಿಮೆಂಟಿಗೂ ಬೇಕು. ಸುಣ್ಣಕಲ್ಲಿನ ಜೊತೆಗೆ ಕಬ್ಬಿಣ, ಅಲ್ಯೂಮಿನಗಳ ಪ್ರಮಾಣವನ್ನು ಸರಿದೂಗಿಸಲು ಕಾರ್ಖಾನೆಗಳು ಕೆಂಪು ಕಲ್ಲನ್ನು ಬೆರೆಸುತ್ತವೆ. ಸಿಮೆಂಟೇ ಬೇಡವೆನ್ನುವ ಮೂಢತನ ನಮ್ಮದಲ್ಲ. ಆದರೆ ಸುಣ್ಣಕಲ್ಲನ್ನು ತೋಡಿದರೆ ಹಳ್ಳ ಬೀಳುತ್ತದೆ, ಗುಡ್ಡದ ತಲೆಯ ಜಂಬಿಟ್ಟಿಗೆಯನ್ನು ತೋಡಿದರೆ ಒರತೆಯೇ ಸಾಯುತ್ತದೆ ಎಂಬ ಭೇದವನ್ನು ಲೆಕ್ಕ ಬರೆಯುವವರು ತಿಳಿದಿರಬೇಕು. ಒಂದು ಅಡಿ ದಪ್ಪ ಜಂಬಿಟ್ಟಿಗೆಯಾಗಲು ಹಿಡಿಯುವ ಕಾಲವನ್ನು ಮನುಷ್ಯರ ತಲೆಮಾರುಗಳಲ್ಲಿ ಎಣಿಸುವುದೇ ಸಾಧ್ಯವಿಲ್ಲ.

ಇನ್ನು ಕಾಡಿನ ಮಾತು. ಈ ಸೀಮೆಗೆ ಬೀಳುವ ಮಳೆ ವರ್ಷಕ್ಕೆ ಸುಮಾರು 750ರಿಂದ 850 ಮಿಲಿಮೀಟರ್. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗೆ. ಉಳಿದ ಎಂಟು ತಿಂಗಳು ಮರವು ಬದುಕುವುದು ಹೇಗೆ? ಎಲೆಯೆಂಬುದು ಆಹಾರ ತಯಾರಿಸುವ ಅಂಗವೂ ಹೌದು, ನೀರು ಸೋರುವ ಬಾಗಿಲೂ ಹೌದು. ನೀರು ದೊರೆಯದ ಕಾಲದಲ್ಲಿ ಆ ಬಾಗಿಲನ್ನು ತೆರೆದಿಡುವುದಕ್ಕಿಂತ ಬಾಗಿಲನ್ನೇ ಕಳಚಿಹಾಕುವುದು ಮೇಲು. ಆದುದರಿಂದ ಸಾಗವಾನಿಯೂ ಮುತ್ತುಗವೂ ಎಲೆ ಉದುರಿಸಿ ನಿಲ್ಲುತ್ತವೆ. ಉದುರಿಸುವ ಮೊದಲು ಎಲೆಯೊಳಗಿನ ಸಾರಜನಕ ಮೊದಲಾದ ಬೆಲೆಯುಳ್ಳ ವಸ್ತುಗಳನ್ನು ಕೊಂಬೆಗೆ ಎಳೆದುಕೊಳ್ಳುತ್ತವೆ. ಮನೆ ಖಾಲಿಮಾಡುವಾಗ ಪಾತ್ರೆಪಡಗಗಳನ್ನು ಕಟ್ಟಿಕೊಂಡು ಹೋಗುವಂತೆ. ಫೆಬ್ರವರಿ, ಮಾರ್ಚಿಯಲ್ಲಿ ಬರಿಯ ಕೊಂಬೆಗಳ ಮೇಲೆ ಮುತ್ತುಗ ಕೆಂಡದಂತೆ ಹೂ ತಳೆಯುವುದು ಸೊಗಸಿಗಾಗಿ ಅಲ್ಲ. ಎಲೆಯ ಮರೆಯಿಲ್ಲದಾಗ ಹೂವು ಹಕ್ಕಿಗಳ ಕಣ್ಣಿಗೆ ದೂರದಿಂದಲೇ ಬೀಳುತ್ತದೆ. ಬೀಜ ಬಲಿತು ಉದುರುವ ಹೊತ್ತಿಗೆ ಮುಂಗಾರು ಸಮೀಪಿಸಿರುತ್ತದೆ. ಬೋಳಾಗಿ ನಿಂತ ಕಾಡನ್ನು ಸತ್ತ ಕಾಡೆಂದು ತಿಳಿಯುವುದು, ನಿದ್ರಿಸುತ್ತಿರುವವನನ್ನು ಮಸಣಕ್ಕೆ ಒಯ್ದಂತೆ.

ಈ ತಪ್ಪು ತಿಳಿವಳಿಕೆಗೆ ಒಂದು ಹೆಸರೂ ಇದೆ. ನಮ್ಮ ಕಂದಾಯದ ದಫ್ತರಗಳಲ್ಲಿ ಬೆಳೆ ಬಾರದ ನೆಲಕ್ಕೆ ‘ಖರಾಬು’ ಎನ್ನುತ್ತಾರೆ. ಕಂದಾಯ ಬಾರದ ನೆಲ ಸರ್ಕಾರದ ಪಾಲಿಗೆ ಕೆಟ್ಟ ನೆಲವೆಂಬ ಹಳೆಯ ಲೆಕ್ಕಾಚಾರ ಈ ಮಾತಿನಲ್ಲಿ ಅಡಗಿದೆ. ಸ್ವಾತಂತ್ರ್ಯ ಬಂದು ಇಷ್ಟು ಕಾಲವಾದ ಮೇಲೂ, ಉಪಗ್ರಹದ ಚಿತ್ರಗಳಿಂದ ದೇಶದ ಬಂಜರುಭೂಮಿಯ ಭೂಪಟಗಳನ್ನು ತಯಾರಿಸುವಾಗ ಕುರುಚಲು ಕಾಡು ಬೆಳೆದ ನೆಲವನ್ನು ಬಂಜರಿನ ಪಟ್ಟಿಗೇ ಸೇರಿಸಲಾಗಿದೆ. ಉಪಕರಣ ಹೊಸದು, ಕಣ್ಣು ಹಳೆಯದು! ಧಾಮದೊಳಗಿನ ಕಾಡಿಗೆ ಕಾನೂನಿನ ಬೇಲಿಯಿದೆ. ಆದರೆ ಬೇಲಿಯ ಹೊರಗಿನ ಹುಲ್ಲುಗಾವಲು, ಗಾಯರಾಣ, ಸೀತಾಫಲದ ಕುರುಚಲುಗಳಿಗೆ ‘ಖರಾಬು’ ಎಂಬ ಹೆಸರೇ ಮೃತ್ಯುಪತ್ರ. ಕೆಟ್ಟ ನೆಲವನ್ನು ಯಾವುದಕ್ಕೆ ಕೊಟ್ಟರೇನು ಎಂದು ಯಾರೂ ಕೇಳುವುದಿಲ್ಲ.

ಕೆಡಿಸುವವರಿಗಿಂತಲೂ ಉದ್ಧರಿಸುವವರ ಭಯ ನಮಗೆ ಹೆಚ್ಚು. 1950ರಲ್ಲಿ ವನಮಹೋತ್ಸವ ಆರಂಭವಾದಂದಿನಿಂದ ಗಿಡ ನೆಡುವುದು ಪುಣ್ಯಕಾರ್ಯವೆನಿಸಿದೆ. ಊರೊಳಗೆ, ರಸ್ತೆಯ ಬದಿಯಲ್ಲಿ ಅದು ಪುಣ್ಯವೇ ಸರಿ. ಆದರೆ ಹುಲ್ಲಿನ ಬಯಲನ್ನು ಅಗೆದು ಸಾಲಾಗಿ ಅಕೇಶಿಯ ನೆಟ್ಟರೆ ಹಸುರು ಹೆಚ್ಚಿತೆಂದು ಕಾಣುವುದೇ ಹೊರತು ಜೀವ ಹೆಚ್ಚುವುದಿಲ್ಲ. ಬಯಲಿನ ಹುಲ್ಲು ತನ್ನ ದೇಹದ ದೊಡ್ಡ ಭಾಗವನ್ನು ನೆಲದೊಳಗೆ ಬೇರಾಗಿ ಇಟ್ಟುಕೊಂಡಿರುತ್ತದೆ. ಬೆಂಕಿಗೂ ಬರಕ್ಕೂ ಸಿಕ್ಕದ ಇಂಗಾಲ ಅಲ್ಲಿದೆ. ನೆರಳು ಬಿದ್ದರೆ ಆ ಹುಲ್ಲು ಸಾಯುತ್ತದೆ. ಹುಲ್ಲು ಹೋದಲ್ಲಿ ಕೃಷ್ಣಮೃಗಕ್ಕೆ ಮೇವಿಲ್ಲ, ಗೌಜಲಕ್ಕಿಗೆ ಗೂಡಿಲ್ಲ. ಚಿಂಚೋಳಿಯ ಅಂಚುಗಳಲ್ಲಿ ಅಕೇಶಿಯ, ಸಾಗವಾನಿಗಳ ತೋಪುಗಳು ಈಗಾಗಲೇ ಇವೆ. ಇದ್ದದ್ದು ಇರಲಿ; ಹೊಸದಾಗಿ ಒಂದು ಗುಂಡಿಯನ್ನೂ ಬಯಲಿನಲ್ಲಿ ತೋಡಬಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಏಕೆಂದರೆ ಇಲ್ಲಿಯ ಪ್ರಾಣಿಗಳು ದಟ್ಟಡವಿಯವಲ್ಲ. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ಕೊಂಡುಕುರಿ ಇವು ಚಿಂಚೋಳಿಯ ನಿವಾಸಿಗಳು. ಕೊಂಡುಕುರಿಯ ಗಂಡಿಗೆ ನಾಲ್ಕು ಕೊಂಬು. ಕಾಡುಪ್ರಾಣಿಗಳಲ್ಲಿ ಇಂತಹದು ಬೇರೊಂದಿಲ್ಲ, ಭಾರತ ಮತ್ತು ನೇಪಾಳಗಳ ಹೊರಗೆ ಇದೂ ಇಲ್ಲ. ಭಾರತೀಯ ತೋಳಗಳ ಸಂಖ್ಯೆ ದೇಶದಲ್ಲೆಲ್ಲ ಸೇರಿ ಸುಮಾರು 3 ಸಾವಿರವೆಂದು ಅಂದಾಜು. ಹುಲಿಗಳ ಸಂಖ್ಯೆಗಿಂತ ಹೆಚ್ಚೇನಲ್ಲ. ಹುಲಿಗೆ ದೊರೆತ ಮರ್ಯಾದೆಯಲ್ಲಿ ನೂರರಲ್ಲೊಂದು ಪಾಲೂ ತೋಳಕ್ಕೆ ದೊರೆತಿಲ್ಲ. ಜಗಳೂರು ಸೀಮೆಯ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆ, ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಕ್ಕೆ ನಮ್ಮ ರಾಜ್ಯ ಪ್ರತ್ಯೇಕ ಧಾಮಗಳನ್ನು ಮಾಡಿರುವುದು ಮೆಚ್ಚತಕ್ಕ ಕೆಲಸ. ಆದರೆ ತೋಳ ಭೂಪಟ ನೋಡಿ ನಡೆಯುವ ಪ್ರಾಣಿಯಲ್ಲ. ರಾತ್ರಿ ಹತ್ತಾರು ಕಿಲೋಮೀಟರ್ ಓಡಾಡಿ, ಹಗಲು ಯಾರದೋ ಹೊಲದ ಬದಿಯ ಕುರುಚಲಿನಲ್ಲಿ ಮಲಗುತ್ತದೆ. ಅದರ ಬದುಕು ಧಾಮದೊಳಗೆ ಅರ್ಧ, ‘ಖರಾಬಿ’ನಲ್ಲಿ ಅರ್ಧ.

ಮನುಷ್ಯರ ಮಾತನ್ನು ಬಿಟ್ಟರೆ ಈ ಲೇಖನ ಅರ್ಧ ಸುಳ್ಳಾಗುತ್ತದೆ. ಈ ಕಾಡಿನ ನಡುವೆಯೂ ಅಂಚಿನಲ್ಲಿಯೂ ಲಂಬಾಣಿ ತಾಂಡಾಗಳಿವೆ. ಧಾಮವೆಂದರೆ ತಮ್ಮನ್ನು ಎಬ್ಬಿಸುವುದೆಂದು ಅವರು ಹೆದರಿದರೆ ಅದು ಅಕಾರಣವಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯು ಕಾಡಿನಲ್ಲಿ ಬಾಳಿದವರಿಗೆ ಹಕ್ಕುಪತ್ರ ಕೊಡಬೇಕೆಂದು ವಿಧಿಸುತ್ತದೆ. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿ ವಾಸವಿದ್ದುದನ್ನು ತೋರಿಸಿದರೆ ಸಾಕು. ಇತರರಾದರೆ ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಎಂದರೆ 75 ವರ್ಷಗಳ ವಾಸಕ್ಕೆ ಪುರಾವೆ ಒದಗಿಸಬೇಕು. ಇಲ್ಲಿ ಒಂದು ವಿಚಿತ್ರವಿದೆ. ಲಂಬಾಣಿಗರು ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ರಾಜ್ಯದ ಗಡಿ ಈ ಗುಡ್ಡಗಳ ಮಗ್ಗುಲಲ್ಲಿಯೇ ಹಾದುಹೋಗುತ್ತದೆ. ಗಡಿಯ ಆಚೆಯ ತಾಂಡಾದಲ್ಲಿರುವ ಅಣ್ಣನಿಗೆ ಒಂದು ಪುರಾವೆ, ಈಚೆಯ ತಮ್ಮನಿಗೆ ಇನ್ನೊಂದು! 75 ವರ್ಷ ಹಿಂದೆ ಹೋದರೆ ಅದು ನಿಜಾಮರ ಕಾಲ. ಅಂದಿನ ದಫ್ತರದ ಭಾಷೆ ಉರ್ದು. ಓದುಬರಹ ತಿಳಿಯದ ತಾತಂದಿರು ಉರ್ದು ಕಾಗದವನ್ನು ಜೋಪಾನವಾಗಿಟ್ಟಿರಬೇಕಿತ್ತೆಂದು ಕೇಳುವುದು ನ್ಯಾಯವೆಂದು ನಮಗೆ ತೋರುವುದಿಲ್ಲ. ಕಾಯಿದೆಯೇ ಊರಿನ ಹಿರಿಯರ ಹೇಳಿಕೆಯನ್ನೂ ಪುರಾವೆಯಾಗಿ ಒಪ್ಪಿಕೊಂಡಿದೆ. ಅಧಿಕಾರಿಗಳು ಅದನ್ನು ಧಾರಾಳವಾಗಿ ಬಳಸಬೇಕು. ಹಕ್ಕು ಖಚಿತವಾದ ತಾಂಡಾ ಕಾಡಿಗೆ ಕಾವಲಾಗಬಲ್ಲದು; ಇಂದೋ ನಾಳೆಯೋ ಏಳಬೇಕಾದೀತೆಂಬ ತಾಂಡಾಕ್ಕೆ ಬೆಂಕಿ ಬಿದ್ದ ಕಾಡನ್ನು ಆರಿಸುವ ಉತ್ಸಾಹ ಎಲ್ಲಿಂದ ಬರಬೇಕು?

ನಮ್ಮ ಶಾಲಾ ಕಾಲೇಜುಗಳಿಂದ ನಾವು ಬಯಸುವುದು ಘೋಷಣೆಯ ಮೆರವಣಿಗೆಯನ್ನಲ್ಲ. ಗುಲ್ಬರ್ಗಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞರು ಜಿಲ್ಲೆಯ ಸಸ್ಯಗಳನ್ನು ಕುರಿತ ಗ್ರಂಥವನ್ನು 2000ದಲ್ಲಿಯೇ ಸಿದ್ಧಪಡಿಸಿದ್ದಾರೆ. ಅದನ್ನು ಕಪಾಟಿನಿಂದ ಇಳಿಸಿ ಗುಡ್ಡಕ್ಕೆ ಒಯ್ಯಬೇಕು. ಕಾಡು ನೋಡಲು ಆಗಸ್ಟಿನಲ್ಲಿ ಎಲ್ಲರೂ ಹೋಗುತ್ತಾರೆ, ಜಲಪಾತದ ಕೆಳಗೆ ನಿಂತು ಚಿತ್ರ ತೆಗೆಯುತ್ತಾರೆ. ಮಾರ್ಚಿಯಲ್ಲಿ ಹೋಗಿ. ಕಮಲಾಪುರದ ಶಾಲೆಯೊಂದು, ಕಲಬುರ್ಗಿಯ ಕಾಲೇಜೊಂದು, ಚಿಂಚೋಳಿಯ ತಾಂಡಾದ ಶಾಲೆಯೊಂದು ತಲಾ ಹತ್ತು ಮುತ್ತುಗದ ಮರಗಳನ್ನು ಗುರುತಿಟ್ಟುಕೊಂಡು, ಕೊನೆಯ ಎಲೆ ಉದುರಿದ ದಿನ, ಮೊದಲ ಹೂವು ಅರಳಿದ ದಿನ, ಹೊಸ ಚಿಗುರು ಕಂಡ ದಿನಗಳನ್ನು ಪ್ರತಿ ವರ್ಷವೂ ಬರೆದಿಡಲಿ. ಒಂದೊಂದು ಒರತೆಯನ್ನೂ ಹಾಗೆಯೇ ಆರಿಸಿಕೊಂಡು, ಅದು ಯಾವ ತಿಂಗಳಲ್ಲಿ ಬತ್ತಿತೆಂದು ಗುರುತುಮಾಡಲಿ. ಬೇಕಾಗುವುದು ಒಂದು ನೋಟುಪುಸ್ತಕ ಮತ್ತು ಒಂದು ಗಡಿಗೆ; ಗಡಿಗೆ ತುಂಬಲು ಎಷ್ಟು ನಿಮಿಷ ಹಿಡಿಯಿತೆಂದು ಎಣಿಸಿದರೆ ಒರತೆಯ ಅಳತೆ ಸಿಕ್ಕಿತು. ಐದಾರು ವರ್ಷ ಹೀಗೆ ಬರೆದ ಪುಸ್ತಕಗಳು ಮೂರು ಊರುಗಳಿಂದ ಬಂದರೆ, ಅವುಗಳನ್ನು ಈ ಪುಟಗಳಲ್ಲಿ ಅಚ್ಚುಮಾಡಲು ನಾವು ಸಿದ್ಧರಿದ್ದೇವೆ.