ಕ್ಯಾಮೆರಾ ಕೊಡುವ ಮೊದಲು ಕಾಗದ ಕೇಳಿ

2024ರ ಮೇ ತಿಂಗಳಲ್ಲಿ ಫ್ರಾನ್ಸ್‌ನ ಕಾನ್ ಚಿತ್ರೋತ್ಸವದಿಂದ ಬಂದ ಸುದ್ದಿಯೊಂದು ಕನ್ನಡಿಗರೆಲ್ಲ ಹಿಗ್ಗುವಂತೆ ಮಾಡಿತ್ತು. ಮೈಸೂರಿನ ಚಿದಾನಂದ ಎಸ್. ನಾಯ್ಕ್ ನಿರ್ದೇಶಿಸಿದ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಎಂಬ ಕನ್ನಡ ಕಿರುಚಿತ್ರ, ಚಿತ್ರಶಾಲೆಗಳ ವಿದ್ಯಾರ್ಥಿಗಳಿಗೆಂದೇ ಇರುವ ‘ಲಾ ಸಿನೆಫ್’ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. 555 ಚಿತ್ರಶಾಲೆಗಳಿಂದ ಬಂದಿದ್ದ 2,263 ಚಿತ್ರಗಳಲ್ಲಿ ಅಂತಿಮ ಸುತ್ತಿಗೆ ಉಳಿದದ್ದು ಬರೀ 18. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ದ ಮೇಲೆ ಊರಿಗೆ ಬೆಳಗೇ ಆಗದೆ ಹೋಗುವ ಜನಪದ ಕಥೆ ಅದು. ಪುಣೆಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯ ಒಂದು ವರ್ಷದ ಟಿ.ವಿ. ಕೋರ್ಸಿನ ಕೊನೆಯ ಅಭ್ಯಾಸಕ್ಕಾಗಿ ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ ಕಲಿಯುತ್ತಿದ್ದ ನಾಲ್ವರು ಸೇರಿ ಮಾಡಿದ 16 ನಿಮಿಷಗಳ ಚಿತ್ರ. ಶೂಟಿಂಗ್ ಮುಗಿದದ್ದು ನಾಲ್ಕೇ ದಿನಗಳಲ್ಲಿ. ಈ ‘ನಾಲ್ಕೇ ದಿನ’ ಎಂಬ ಮಾತು ಎಲ್ಲರ ಬಾಯಲ್ಲೂ ಓಡಾಡಿತು. ಆದರೆ ಕತ್ತಲಲ್ಲೇ ನಡೆಯುವ ಕಥೆಯನ್ನು, ಪ್ರತಿ ಶಾಟ್‌ಗೂ ದೀಪ ಹೊಂದಿಸಿಕೊಳ್ಳುತ್ತಾ, ದಿನಕ್ಕೆ ನಾಲ್ಕು ನಿಮಿಷದ ಲೆಕ್ಕದಲ್ಲಿ ತೆಗೆಯಬೇಕಾದರೆ ಕ್ಯಾಮೆರಾ ಎಲ್ಲಿ ನಿಲ್ಲಬೇಕು, ಬೆಳಕು ಎಲ್ಲಿಂದ ಬೀಳಬೇಕು ಎಂಬುದು ಆ ನಾಲ್ಕು ದಿನಗಳಲ್ಲಿ ತೀರ್ಮಾನವಾಗಲು ಸಾಧ್ಯವೇ ಇಲ್ಲ. ಅದು ಅದಕ್ಕೂ ಮೊದಲೇ ಆಗಿರಬೇಕು. ನಾವು ಮಾತಾಡಬೇಕಾದದ್ದು ಆ ಮೊದಲಿನ ದಿನಗಳ ಬಗ್ಗೆ.

ನಮ್ಮ ರಾಜ್ಯದಲ್ಲಿ ಇವತ್ತು ಪತ್ರಿಕೋದ್ಯಮ, ದೃಶ್ಯ ಸಂವಹನ ಕಲಿಸುವ ಬಹುಪಾಲು ಕಾಲೇಜುಗಳಲ್ಲಿ ಕಿರುಚಿತ್ರ ಒಂದು ಪ್ರಾಜೆಕ್ಟ್. ಎಂಜಿನಿಯರಿಂಗ್ ಕಾಲೇಜುಗಳ ಹಬ್ಬಗಳಲ್ಲೂ ಕಿರುಚಿತ್ರ ಸ್ಪರ್ಧೆ ಇದ್ದೇ ಇರುತ್ತದೆ. ಕಥೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹುಟ್ಟುತ್ತದೆ, ಎರಡು ದಿನಕ್ಕೆ ಕ್ಯಾಮೆರಾ ಬಾಡಿಗೆಗೆ ಬರುತ್ತದೆ, ಗೆಳೆಯನ ಮನೆಯೇ ಲೊಕೇಷನ್. ಸಂಭಾಷಣೆಯನ್ನು ಅಲ್ಲೇ ನಿಂತು ಬರೆಯುತ್ತಾರೆ. ಎಡಿಟಿಂಗ್‌ಗೆ ಕುಳಿತಾಗ ಮುಖ್ಯ ದೃಶ್ಯದ ಒಂದು ಶಾಟ್ ತೆಗೆದೇ ಇಲ್ಲ ಎಂಬುದು ಗೊತ್ತಾಗುತ್ತದೆ. ಆ ಕೊರತೆ ಮುಚ್ಚಲು ಹಿನ್ನೆಲೆ ಸಂಗೀತ ಸುರಿಯುತ್ತಾರೆ. ಈ ಚಿತ್ರಗಳು ಸೋಲುವುದು ಪ್ರತಿಭೆ ಸಾಲದೆ ಅಲ್ಲ, ಒಳ್ಳೆಯ ಕ್ಯಾಮೆರಾ ಇಲ್ಲದೆಯೂ ಅಲ್ಲ. ಶೂಟಿಂಗ್‌ಗೆ ಮೊದಲಿನ ಕೆಲಸವನ್ನು ಕಾಲೇಜುಗಳು ಕಲಿಸುತ್ತಿಲ್ಲ, ಅದಕ್ಕೆ ಅಂಕವನ್ನೂ ಕೊಡುತ್ತಿಲ್ಲ. ಪೆನ್‌ಡ್ರೈವ್‌ನಲ್ಲಿ ಬಂದ ಚಿತ್ರವನ್ನು ನೋಡಿ ಅಂಕ ಹಾಕುವುದೇ ರೂಢಿಯಾದರೆ ವಿದ್ಯಾರ್ಥಿಯೂ ಅದಕ್ಕೆ ತಕ್ಕಂತೆಯೇ ನಡೆದುಕೊಳ್ಳುತ್ತಾನೆ. ಇಲ್ಲಿ ತಪ್ಪು ಹುಡುಗರದ್ದಲ್ಲ, ಕಲಿಸುವವರದ್ದು.

ಇದು ಯಾವಾಗಲೂ ಹೀಗಿರಲಿಲ್ಲ. ಫಿಲ್ಮ್‌ನಲ್ಲಿ ಚಿತ್ರ ತೆಗೆಯುತ್ತಿದ್ದ ಕಾಲದಲ್ಲಿ ಸಿದ್ಧತೆಯನ್ನು ಯಾರೂ ಹೇಳಿಕೊಡಬೇಕಿರಲಿಲ್ಲ, ಫಿಲ್ಮಿನ ಬೆಲೆಯೇ ಅದನ್ನು ಕಲಿಸುತ್ತಿತ್ತು. 35 ಎಂ.ಎಂ. ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತದೆ. ಸಾವಿರ ಅಡಿಯ ಒಂದು ಡಬ್ಬ ತಂದರೆ ಸಿಗುವುದು 11 ನಿಮಿಷ, 400 ಅಡಿಯದ್ದಾದರೆ ನಾಲ್ಕೂವರೆ ನಿಮಿಷಕ್ಕೂ ಕಡಿಮೆ. ವಿದ್ಯಾರ್ಥಿಗೆ ಸಿಗುತ್ತಿದ್ದುದೇ ಲೆಕ್ಕದ ಡಬ್ಬಗಳು. ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ಚಿತ್ರಗಳಿಗೆ ಬೆಳಕು ಹಿಡಿದ ವಿ.ಕೆ. ಮೂರ್ತಿ ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ ಕಲಿತದ್ದು ಇಂಥ ಕಾಲದಲ್ಲಿ. ಗಿರೀಶ ಕಾಸರವಳ್ಳಿ ಪುಣೆಯಲ್ಲಿ ಡಿಪ್ಲೊಮಾಕ್ಕಾಗಿ ಮಾಡಿ, ರಾಷ್ಟ್ರಪ್ರಶಸ್ತಿ ಪಡೆದ ‘ಅವಶೇಷ’ವೂ ಇಂಥ ಲೆಕ್ಕಾಚಾರದ ಕಾಲದ್ದೇ. ಗುಂಡಿ ಒತ್ತಿದ ಕೂಡಲೇ ದುಡ್ಡು ಓಡುತ್ತದೆ ಎಂದು ಗೊತ್ತಿದ್ದವನು ಒತ್ತುವ ಮೊದಲು ಹತ್ತು ಸಲ ಯೋಚಿಸುತ್ತಿದ್ದ. ಮೆಮೊರಿ ಕಾರ್ಡ್ ಬಂದ ಮೇಲೆ ಆ ಭಯ ಹೋಯಿತು. ಹೋದದ್ದು ಒಳ್ಳೆಯದೇ. ಬಡ ಮನೆಯ ಹುಡುಗಿಯೂ ಇವತ್ತು ಚಿತ್ರ ಮಾಡಬಹುದು. ಆದರೆ ಕೊರತೆ ಪೂರ್ತಿ ಹೋಗಿಲ್ಲ, ಜಾಗ ಬದಲಿಸಿದೆ. ಈಗ ಲೆಕ್ಕದಲ್ಲಿರುವುದು ಹೊತ್ತು: ನಟಿಸಲು ಒಪ್ಪಿಕೊಂಡ ನೆರೆಮನೆಯ ಅತ್ತೆಗೆ ಸಿಗುವ ಅರ್ಧ ದಿನ, ಮನೆ ಬಿಟ್ಟುಕೊಟ್ಟವರ ತಾಳ್ಮೆ, ಆಕಾಶದ ಬೆಳಕು. ಇವನ್ನು ಡಿಲೀಟ್ ಮಾಡಿ ಮತ್ತೆ ತುಂಬಿಕೊಳ್ಳಲಾಗದು.

ಬೆಳಕನ್ನೇ ತೆಗೆದುಕೊಳ್ಳಿ. ಸಂಜೆಯ ಹೊತ್ತು ತಾರಸಿಯ ಮೇಲೆ ಅಪ್ಪ, ಮಗಳು ಮಾತಾಡುವ ದೃಶ್ಯ ವಿದ್ಯಾರ್ಥಿಗಳ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಸಮಭಾಜಕ ವೃತ್ತಕ್ಕೆ ಹತ್ತಿರವಿರುವ ನಮ್ಮಲ್ಲಿ ಸೂರ್ಯ ನೆಟ್ಟಗೆ ಇಳಿಯುತ್ತಾನೆ. ಬೆಂಗಳೂರಿನಲ್ಲಿ ಸೂರ್ಯ ಮುಳುಗಿದ ಮೇಲೆ ಚಿತ್ರಕ್ಕೆ ಒದಗುವ ಬೆಳಕು ಇಪ್ಪತ್ತು, ಇಪ್ಪತ್ತೆರಡು ನಿಮಿಷ ಇದ್ದರೆ ಹೆಚ್ಚು. ಯುರೋಪಿನವರು ಮಾಡಿದ ಯೂಟ್ಯೂಬ್ ಪಾಠ ನೋಡಿ, ಹೆಚ್ಚು ಹೊತ್ತು ಉಳಿಯುವ ಆ ಕಡೆಯ ಸಂಜೆಯನ್ನು ನಂಬಿ ಹೋದವರಿಗೆ ಇದು ತಿಳಿಯುವುದು ಕತ್ತಲಾದ ಮೇಲೆ. ದೃಶ್ಯಕ್ಕೆ ಐದು ಶಾಟ್ ಅಂದುಕೊಳ್ಳೋಣ. ಒಂದೊಂದಕ್ಕೂ ಮೂರು ಟೇಕ್, ನಡುವೆ ಟ್ರೈಪಾಡ್ ಸರಿಸಿ, ಫೋಕಸ್ ನೋಡಿ, ನಟರನ್ನು ನಿಲ್ಲಿಸಲು ಐದು ನಿಮಿಷ. ಒಟ್ಟು ಸುಮಾರು ನಲವತ್ತು ನಿಮಿಷವಾಯಿತು. ಅಪ್ಪನ ಮುಖ ಕೆಂಬೆಳಕಿನಲ್ಲಿ, ಉತ್ತರ ಕೊಡುವ ಮಗಳ ಮುಖ ಕತ್ತಲಲ್ಲಿ; ಎರಡನ್ನೂ ಪಕ್ಕ ಪಕ್ಕ ಜೋಡಿಸಲಾಗದು. ಈ ಲೆಕ್ಕವನ್ನು ವಾರ ಮೊದಲೇ ಹಾಕಿದ್ದರೆ ದಾರಿ ಹಲವಿವೆ. ಆಕಾಶ ಕಾಣುವ ದೊಡ್ಡ ಶಾಟ್‌ಗಳನ್ನು ಮೊದಲು ಮುಗಿಸಿ, ನಟರನ್ನು ಗೋಡೆಗೆ ಒರಗಿಸಿ, ಮುಖಗಳ ಕ್ಲೋಸಪ್‌ಗಳನ್ನು ಸಣ್ಣ ದೀಪದಲ್ಲಿ ಆಮೇಲೆ ತೆಗೆಯಬಹುದು. ಎರಡು ಸಂಜೆಗೆ ಹಂಚಬಹುದು. ಇಡೀ ಮಾತುಕತೆಯನ್ನು ಒಂದೇ ಶಾಟ್‌ಗೆ ಇಳಿಸಬಹುದು, ಎಷ್ಟೋ ಸಲ ಅದೇ ಚೆನ್ನ. ಮಧ್ಯಾಹ್ನಕ್ಕೂ ಇಂಥದ್ದೇ ಲೆಕ್ಕವಿದೆ. ಏಪ್ರಿಲ್ ಕೊನೆಯಲ್ಲಿ, ಆಗಸ್ಟ್ ನಡುವಿನಲ್ಲಿ ಬೆಂಗಳೂರಿನ ನೆತ್ತಿಯ ಮೇಲೆಯೇ ಸೂರ್ಯ ನಿಲ್ಲುತ್ತಾನೆ. ಆಗ ಬಯಲಲ್ಲಿ ನಿಂತವರ ಕಣ್ಣುಗುಳಿಗಳು ಕಪ್ಪು ಕಲೆಗಳಾಗಿ ಕಾಣುತ್ತವೆ. ಹೀಗೆ ಹೊತ್ತು ನೋಡಿ ಶಾಟ್ ಹಂಚುವುದೇ ನಿರ್ದೇಶನದ ಕೆಲಸ. ಅದನ್ನು ಗುಮಾಸ್ತಿಕೆ ಎಂದು ತಳ್ಳಿಹಾಕುವವರು ನಿರ್ದೇಶನವನ್ನೇ ತಪ್ಪಾಗಿ ತಿಳಿದಿದ್ದಾರೆ.

ಧ್ವನಿಯ ವಿಷಯದಲ್ಲಂತೂ ನಷ್ಟ ಇನ್ನೂ ದೊಡ್ಡದು. ಮಂಕಾದ ಚಿತ್ರವನ್ನು ಪ್ರೇಕ್ಷಕ ಸಹಿಸುತ್ತಾನೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ಲೊಕೇಷನ್ ನೋಡಲು ಭಾನುವಾರ ಬೆಳಿಗ್ಗೆ ಹೋಗಿ, ಶೂಟಿಂಗ್‌ಗೆ ಸೋಮವಾರ ಮಧ್ಯಾಹ್ನ ಹೋದರೆ ಆ ಮನೆಯ ಪಕ್ಕದ ಶಾಲೆ, ನೀರಿನ ಮೋಟರು, ಎದುರಿನ ವೆಲ್ಡಿಂಗ್ ಅಂಗಡಿ ಎಲ್ಲವೂ ಒಟ್ಟಿಗೆ ಎದ್ದು ನಿಲ್ಲುತ್ತವೆ. ಶೂಟ್ ಮಾಡುವ ಹೊತ್ತಿನಲ್ಲೇ ಹೋಗಿ, ಕಣ್ಣು ಮುಚ್ಚಿ ಹತ್ತು ನಿಮಿಷ ಕುಳಿತು ಕೇಳಿಸಿಕೊಂಡು ಬರಲು ಖರ್ಚೇನಿಲ್ಲ. ಮಾತು ಕೆಟ್ಟರೆ ಡಬ್ಬಿಂಗ್ ಮಾಡಿಕೊಳ್ಳೋಣ ಎನ್ನುವವರು, ಡಬ್ಬಿಂಗ್ ಅನುಭವವೇ ಇಲ್ಲದ ನಟರ ದನಿ ತುಟಿಗೂ ಭಾವಕ್ಕೂ ಹೊಂದದೆ ಹೇಗೆ ತೇಲುತ್ತದೆ ಎಂಬುದನ್ನು ಒಮ್ಮೆ ಕೇಳಬೇಕು.

ಇಂಥ ಸಿದ್ಧತೆಗೆ ಬರುವ ದೊಡ್ಡ ಆಕ್ಷೇಪ ಕಲೆಯ ಹೆಸರಿನಲ್ಲಿ ಬರುತ್ತದೆ. ಎಲ್ಲವನ್ನೂ ಮೊದಲೇ ಬರೆದಿಟ್ಟರೆ ಚಿತ್ರದಲ್ಲಿ ಜೀವ ಉಳಿಯುತ್ತದೆಯೇ, ಸತ್ಯಜಿತ್ ರಾಯ್ ‘ಪಥೇರ್ ಪಾಂಚಾಲಿ’ಯನ್ನು ಪೂರ್ಣ ಚಿತ್ರಕಥೆ ಇಲ್ಲದೆಯೇ ತೆಗೆಯಲಿಲ್ಲವೇ ಎಂದು ಕೇಳುತ್ತಾರೆ. ಪೂರ್ಣ ಚಿತ್ರಕಥೆ ಇರಲಿಲ್ಲ, ನಿಜ. ಆದರೆ ದೃಶ್ಯಗಳನ್ನು ಒಂದೊಂದಾಗಿ ಕುಂಚದಲ್ಲಿ ಬಿಡಿಸಿದ್ದ ಪುಸ್ತಕವಿತ್ತು. ಅದನ್ನು ರಾಯ್ ಮುಂದೆ ಪ್ಯಾರಿಸ್‌ನ ಸಿನಿಮಾ ಸಂಗ್ರಹಾಲಯಕ್ಕೆ ಕೊಟ್ಟರು. 1952ರ ಅಕ್ಟೋಬರಿನಲ್ಲಿ ಕಾಶ ಹುಲ್ಲಿನ ಬಿಳಿ ಹೂಗಳ ನಡುವೆ ಚಿತ್ರದ ಮಕ್ಕಳಾದ ಅಪು, ದುರ್ಗೆಯರ ದೃಶ್ಯವನ್ನು ಅರ್ಧ ತೆಗೆದು, ಮುಂದಿನ ವಾರ ಹೋದರೆ ಹೂಗಳನ್ನೆಲ್ಲ ದನಗಳು ಮೇದುಬಿಟ್ಟಿದ್ದವು. ಉಳಿದರ್ಧಕ್ಕೆ ರಾಯ್ ಮರುವರ್ಷದ ಹೂವಿಗಾಗಿ ಕಾಯಬೇಕಾಯಿತು. ಹಾಗೆ ಕಾದ ಮೇಲೂ ದೃಶ್ಯ ಒಂದೇ ಉಸಿರಿನಲ್ಲಿ ತೆಗೆದಂತೆ ಕಾಣುವುದು, ಅದು ಮೊದಲೇ ಅವರ ಕಣ್ಣೊಳಗೆ ಪೂರ್ತಿ ಮೂಡಿದ್ದರಿಂದ. ಬ್ರಿಟನ್ನಿನ ನಿರ್ದೇಶಕ ಮೈಕ್ ಲೀ ಬರೆದಿಟ್ಟ ಸಂಭಾಷಣೆ ಇಲ್ಲದೆ ಕೆಲಸ ಶುರು ಮಾಡುತ್ತಾರೆ, ಆದರೆ ಕ್ಯಾಮೆರಾ ಬರುವ ಮೊದಲು ನಟರೊಂದಿಗೆ ತಿಂಗಳುಗಟ್ಟಲೆ ರಿಹರ್ಸಲ್ ಮಾಡುತ್ತಾರೆ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದ ನಮ್ಮ ‘ತಿಥಿ’ಯಲ್ಲಿ ಮಂಡ್ಯದ ಹಳ್ಳಿಯ ಜನ ನಟಿಸುತ್ತಿದ್ದಾರೆ ಎಂದೇ ಅನಿಸುವುದಿಲ್ಲ. ಅದರ ಹಿಂದಿರುವುದು ಆ ಊರನ್ನು, ಆ ಜನರ ಮಾತಿನ ವರಸೆಯನ್ನು ಬಲ್ಲ ಈರೇಗೌಡರ ಬರವಣಿಗೆ. ಸಿದ್ಧತೆ ಇದ್ದವನಿಗೆ ಆಕಸ್ಮಿಕ ವರವಾಗುತ್ತದೆ: ಇದ್ದಕ್ಕಿದ್ದಂತೆ ಮಳೆ ಬಂದರೆ ಯಾವ ದೃಶ್ಯಕ್ಕೆ ಅದು ಒಗ್ಗುತ್ತದೆ ಎಂದು ಅವನಿಗೆ ತಕ್ಷಣ ಹೊಳೆಯುತ್ತದೆ. ಸಿದ್ಧತೆ ಇಲ್ಲದವನು ಅದೇ ಮಳೆಯಲ್ಲಿ ಕ್ಯಾಮೆರಾ ಮುಚ್ಚಿಕೊಂಡು ಓಡುತ್ತಾನೆ.

ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ಕೈಯಲ್ಲಿ ಫೋನ್ ಇದೆ, ತೆಗೆಯುತ್ತಾ ತೆಗೆಯುತ್ತಾ ಕಲಿಯಲಿ, ಕಾಗದದ ಕೆಲಸ ಹೇರಿದರೆ ಹುರುಪೇ ಆರಿಹೋಗುತ್ತದೆ ಎನ್ನುತ್ತಾರೆ ಕೆಲವು ಅಧ್ಯಾಪಕರು. ಒಂದು ನಿಮಿಷದ ಅಭ್ಯಾಸಗಳ ಮಟ್ಟಿಗೆ ಇದು ಪೂರ್ತಿ ಸರಿ. ಬಾಗಿಲು ತೆರೆದು ಒಳಗೆ ಬರುವ ಒಬ್ಬ ವ್ಯಕ್ತಿಯನ್ನು ಹತ್ತು ಬಗೆಯಲ್ಲಿ ತೆಗೆದು ನೋಡಲು ಯಾವ ಪಟ್ಟಿಯೂ ಬೇಡ. ಹತ್ತು ಜನರ ಎರಡು ದಿನವನ್ನು ಕೇಳುವ ಚಿತ್ರದ ಮಾತು ಬೇರೆ. ಅಲ್ಲಿ ತಯಾರಿಲ್ಲದೆ ಹೋಗುವುದು ಆ ಹತ್ತು ಜನರಿಗೆ ಮಾಡುವ ಅಗೌರವ. ಹಾಗೆ ನೋಡಿದರೆ ಫೋನ್ ಇರುವುದೇ ಸಿದ್ಧತೆಗೆ. ಚಿತ್ರ ಬಿಡಿಸಲು ಬಾರದವರು ಲೊಕೇಷನ್‌ಗೆ ಹೋಗಿ, ನಟರ ಜಾಗದಲ್ಲಿ ಗೆಳೆಯರನ್ನು ನಿಲ್ಲಿಸಿ, ಇಡೀ ಚಿತ್ರವನ್ನು ಫೋನಿನ ಫೋಟೊಗಳಲ್ಲೇ ಜೋಡಿಸಿ ನೋಡಬಹುದು. ಕಥೆ ಎಲ್ಲಿ ಅರ್ಥವಾಗುತ್ತಿಲ್ಲ ಎಂಬುದು ಅಲ್ಲೇ ಕಾಣುತ್ತದೆ. ತಿದ್ದಲು ಆಗ ಹೊತ್ತೂ ಇರುತ್ತದೆ.

ಸಿದ್ಧತೆಯ ಇನ್ನೊಂದು ಮುಖ ಜೀವರಕ್ಷಣೆಯದ್ದು. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರಕ್ಕಾಗಿ ಹೆಲಿಕಾಪ್ಟರ್‌ನಿಂದ ನೀರಿಗೆ ಧುಮುಕಿದ ನಟರಾದ ಅನಿಲ್ ಮತ್ತು ಉದಯ್ ಮುಳುಗಿ ಸತ್ತದ್ದನ್ನು ಕನ್ನಡಿಗರು ಮರೆತಿಲ್ಲ. ವೃತ್ತಿಪರರ ಸೆಟ್ಟಿನಲ್ಲೇ ಹೀಗಾಗಬಹುದಾದರೆ, ಬೈಕ್ ಓಡಿಸುತ್ತಾ ಒಂದೇ ಕೈಯಲ್ಲಿ ಫೋನ್ ಹಿಡಿದು ಶೂಟ್ ಮಾಡುವ, ತಾರಸಿಯ ಅಂಚಿನಲ್ಲಿ, ಕೆರೆಯ ದಂಡೆಯಲ್ಲಿ, ರೈಲು ಹಳಿಯ ಮೇಲೆ ನಿಲ್ಲುವ ವಿದ್ಯಾರ್ಥಿಗಳ ಗತಿಯೇನು? ಯಾವ ಶಾಟ್‌ನಲ್ಲಿ ಅಪಾಯವಿದೆ, ಯಾವುದಕ್ಕೆ ಅನುಮತಿ ಬೇಕು ಎಂದು ಮೊದಲೇ ಬರೆದು ತೋರಿಸು ಎಂದು ಅಧ್ಯಾಪಕರು ಕೇಳಿದರೆ, ಆ ಶಾಟ್‌ಗಳಲ್ಲಿ ಹಲವು ಅಲ್ಲೇ ಬಿದ್ದುಹೋಗುತ್ತವೆ. ಬಿದ್ದುಹೋಗಲೇಬೇಕು.

ಜಿಲ್ಲೆಯ ಸರ್ಕಾರಿ ಕಾಲೇಜಿನಲ್ಲಿ ಕ್ಯಾಮೆರಾಕ್ಕೇ ಗತಿಯಿಲ್ಲ, ಇನ್ನು ಶಾಟ್‌ಗಳ ಚಿತ್ರ ಬಿಡಿಸಿದ ಸ್ಟೋರಿಬೋರ್ಡ್, ದಿನದ ವೇಳಾಪಟ್ಟಿಯ ಕಾಲ್ ಶೀಟ್ ಎಲ್ಲಿಂದ ಎಂದು ಕೇಳುವವರಿದ್ದಾರೆ. ಆದರೆ ಬೆಂಗಳೂರಿನ ದುಬಾರಿ ಕಾಲೇಜಿನ ತಂಡಕ್ಕೂ ಯಾದಗಿರಿಯ ತಂಡಕ್ಕೂ ಸಮನಾಗಿ ಸಿಗುವುದು ಸಿದ್ಧತೆಯೊಂದೇ. ಡ್ರೋನ್, ಲೆನ್ಸ್ ಎಲ್ಲರಿಗೂ ಸಿಗುವುದಿಲ್ಲ. ನೋಟುಬುಕ್ಕು, ಪೆನ್ಸಿಲ್ಲು, ನಾಲ್ಕು ಸಂಜೆ ಎಲ್ಲರ ಬಳಿಯೂ ಇವೆ. ಯಾದಗಿರಿಯ ತಂಡ ನಟರನ್ನು ಕೂರಿಸಿಕೊಂಡು ಚಿತ್ರಕಥೆಯನ್ನು ಗಟ್ಟಿಯಾಗಿ ಓದಿಸಿದರೆ ಆಗುವ ಲಾಭ ದೊಡ್ಡದು. ಪುಸ್ತಕದ ಕನ್ನಡದಲ್ಲಿ ಬರೆದ ಸಾಲುಗಳು ಬಾಯಿಗೆ ಬರುವಾಗಲೇ ಎಡವುತ್ತವೆ, ‘ನಮ್ಮವ್ವ ಹಿಂಗ ಮಾತಾಡಂಗಿಲ್ಲ’ ಎಂದು ಯಾರೋ ಹೇಳುತ್ತಾರೆ, ಸಂಭಾಷಣೆ ಆ ನೆಲದ ಮಾತಾಗುತ್ತದೆ. ಇದಕ್ಕೆ ಯಾವ ಉಪಕರಣವೂ ಬೇಡ.

ಮಾಡಬೇಕಾದದ್ದು ಕಷ್ಟದ್ದಲ್ಲ. ಕಿರುಚಿತ್ರಕ್ಕೆ ನೂರು ಅಂಕವಿದ್ದರೆ ಅದರಲ್ಲಿ ನಲವತ್ತನ್ನು ಶೂಟಿಂಗ್‌ಗೆ ಮೊದಲಿನ ಕೆಲಸಕ್ಕೆ ಎತ್ತಿಡಬೇಕು. ಪ್ರತಿ ತಂಡ ಚಿತ್ರಕಥೆ, ಶಾಟ್‌ಗಳ ಪಟ್ಟಿ, ಲೊಕೇಷನ್‌ನ ಫೋಟೊಗಳು ಮತ್ತು ದಿನದ ವೇಳಾಪಟ್ಟಿ ಹಿಡಿದು ಬಂದು ಅಧ್ಯಾಪಕರ ಎದುರು ಒಂದು ಗಂಟೆ ಕೂರಬೇಕು. ಈ ಶಾಟ್ ಯಾಕೆ, ಇದು ತಪ್ಪಿಹೋದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಮೇಲೆಯೇ ಕ್ಯಾಮೆರಾದ ರಿಜಿಸ್ಟರ್‌ನಲ್ಲಿ ಸಹಿ ಬೀಳಬೇಕು. ಹೆಚ್ಚಿನ ಕಾಲೇಜುಗಳಲ್ಲಿ ಆಂತರಿಕ ಅಂಕಗಳ ಹಂಚಿಕೆ ವಿಭಾಗದವರ ಕೈಯಲ್ಲೇ ಇರುತ್ತದೆ. ವಿಶ್ವವಿದ್ಯಾಲಯದ ಆದೇಶಕ್ಕೆ ಕಾಯಬೇಕಿಲ್ಲ. ಮುಂದಿನ ಸೆಮಿಸ್ಟರ್‌ನ ಮೊದಲ ವಾರದಲ್ಲೇ ಇದನ್ನು ಶುರು ಮಾಡಿ.